ನಾತ ಮೀನಿನದ್ದಲ್ಲ

ಸೆಪ್ಟೆಂಬರ್ ಹದಿನೇಳು. ಕಾಪುವಿನ ಕಿಟ್ಟನ ಗದ್ದೆಯಲ್ಲಿ ಭತ್ತದ ಒಂದೊಂದು ಬುಡಕ್ಕೆ ಮೂರು ತಿಗಣೆಗಳಿದ್ದವು. ಕಿಟ್ಟನಿಗೆ ಅದು ತಿಳಿದಿರಲಿಲ್ಲ. ನಾತ ಬಂದಾಗಲೆಲ್ಲ ಅವನು ಹೆಂಡತಿ ನಳಿನಾಕ್ಷಿಯ ಮೀನಿನ ಬುಟ್ಟಿಯನ್ನೇ ದೂರುತ್ತಿದ್ದನು.

"ಇನ್ನೆಷ್ಟು ಸಲ ತೊಳೆಯುವುದು ಮಾರಾಯ್ರೆ? ಬುಟ್ಟಿಯೇ ಸವೆದು ಹೋಯಿತು!" ಎಂದು ಅವಳು ಅಂದು ಬೆಳಿಗ್ಗೆ ರೇಗಿದಳು.

ನೆರೆಮನೆಯ ಭಟ್ಟರ ಹೆಂಡತಿ ಹರಿಪ್ರಿಯಾ, ಊರಿನ ರೈತರಿಗೆ ಸಲಹೆ ಕೊಡಲು ತರಬೇತಿ ಪಡೆದ ಕೃಷಿ ಸಖಿ. ಜಗಳ ಕೇಳಿ ಅವರಿಬ್ಬರಿದ್ದ ಗದ್ದೆಯ ಬದುವಿಗೆ ಬಂದರು.

"ಕಿಟ್ಟಣ್ಣ, ನಮ್ಮ ಮನೆಯಲ್ಲಿ ಮೀನಿಲ್ಲ. ಮೀನಿನ ವಾಸನೆ ನಮಗೆ ಬೇಗ ಗೊತ್ತಾಗುತ್ತದೆ. ಇದು ಅದಲ್ಲ."

ಅವರು ತೆನೆಯನ್ನು ಅಲುಗಿಸಿದರು. ಉದ್ದ ಕಾಲಿನ ಹಸಿರು ತಿಗಣೆಗಳು ಎದ್ದವು, ನಾತವೂ ಎದ್ದಿತು. ಒಂದು ಕಾಳನ್ನು ಹಿಸುಕಿದರು. ಹಾಲಿರಲಿಲ್ಲ.

"ಕಾಳಿನ ಹಾಲು ಹೀರುವುದು ಇವೇ. ಉಳಿಯುವುದು ಜೊಳ್ಳು."

ಕಿಟ್ಟ ಕಳೆಗುಂದಿದನು. ವರ್ಷದ ಊಟದ ಅಕ್ಕಿಗೆ ಆ ಗದ್ದೆಯೊಂದೇ. "ಈಗಲೇ ಮದ್ದು ಬಿಡುತ್ತೇನೆ."

"ಬೇಡ. ಕೆಲವು ತೆನೆ ಇನ್ನೂ ಹೂವಿನಲ್ಲಿ ಉಂಟು, ಅರಳುವ ಹೊತ್ತು ಇದೇ. ಈಗ ಬಿಟ್ಟರೆ ಕಾಳು ಕಟ್ಟುವುದಕ್ಕೆ ತೊಂದರೆ. ತಿಗಣೆ ತಿನ್ನುವ ಜೇಡವೂ ಸಾಯುತ್ತದೆ. ನಳಿನಾಕ್ಷಿ, ಕೊಳೆತ ಏಡಿ ಉಂಟಾ?"

"ಅಯ್ಯೋ ಹರಿಪ್ರಿಯಕ್ಕ! ಭಟ್ರಿಗೆ ಗೊತ್ತುಂಟಾ?"

"ತಿಗಣೆಗೆ ಮಾರಾಯ್ತಿ, ನನಗಲ್ಲ!"

"ಕಡಲಿಗೆ ಹೋಗುವವ ನಾನು. ನನಗೇ ಏಡಿಯ ಪಾಠವಾ?" ಎಂದನು ಕಿಟ್ಟ. "ಏಡಿ ಕಂಡರೆ ತಿಗಣೆ ಓಡುವುದಾ?"

"ಓಡುವುದಲ್ಲ, ಬರುವುದು. ಕೊಳೆತ ವಾಸನೆಗೆ ಮುತ್ತುತ್ತವೆ. ಆಗ ಹಿಡಿಯುವುದು. ಒಂದು ಸಂಜೆ ನೋಡಿ, ಆಮೇಲೆ ನಗಿ."

ನಳಿನಾಕ್ಷಿ ತಂದ ಕೊಳೆತ ಏಡಿಗಳನ್ನು ಹಳೆಯ ಬಲೆಯ ತುಂಡುಗಳಲ್ಲಿ ಕಟ್ಟಿ, ಕೋಲುಗಳಿಗೆ ಸಿಕ್ಕಿಸಿ ಗದ್ದೆಯಲ್ಲಿ ನೆಟ್ಟರು. ಸಂಜೆಗೆ ಬಲೆಯ ಗಂಟುಗಳೇ ಕಾಣದಷ್ಟು ತಿಗಣೆಗಳು. ಕಿಟ್ಟ ನಗಲಿಲ್ಲ. ಅವುಗಳನ್ನು ಸಾಬೂನು ನೀರಿನ ಬಾಲ್ದಿಗೆ ಕೊಡವಿದನು. ವಾರವಿಡೀ ಹಾಗೆಯೇ ಮಾಡಿದನು. ಬದುವಿನ ಹುಲ್ಲನ್ನೂ ಕೊಯ್ದನು. ತೆನೆ ಬರುವ ಮೊದಲು ತಿಗಣೆಗಳು ಬೆಳೆಯುವುದು ಆ ಹುಲ್ಲಿನಲ್ಲಿ.

ಮೊದಲೇ ಹೀರಿದ ತೆನೆಗಳು ಜೊಳ್ಳಾದವು. ಉಳಿದವು ಕಾಳು ತುಂಬಿ ತಲೆ ಬಾಗಿದವು.

"ಹರಿಪ್ರಿಯಕ್ಕ, ಮುಂದಿನ ವರ್ಷ ನಿಮಗೆ ಏಡಿ ಮೊದಲೇ ತೆಗೆದಿಡುತ್ತೇನೆ," ಎಂದನು ಕಿಟ್ಟ.

"ಮೆಲ್ಲ ಹೇಳಿ ಮಾರಾಯ್ರೆ, ನಮ್ಮ ಅತ್ತೆ ಕೇಳಿಸಿಕೊಂಡಾರು!"

ಭತ್ತ ಬೆಳೆಯುವವರೇ, ತೆನೆ ಹೊರಡುವ ಮೊದಲು ಬದುವಿನ ಹುಲ್ಲು ತೆಗೆಯಿರಿ. ಕಾಳಿಗೆ ಹಾಲು ತುಂಬುವಾಗ ಬೆಳಿಗ್ಗೆ, ಸಂಜೆ ಗದ್ದೆಗಿಳಿದು ನೋಡಿರಿ. ಮದ್ದು ಬೇಕೆನಿಸಿದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿರಿ; ಅಂದಾಜಿನಿಂದ ಬಿಡಬೇಡಿರಿ. ತಿಗಣೆ ಒಂದೇ ಗದ್ದೆಯಲ್ಲಿ ನಿಲ್ಲುವುದಿಲ್ಲ. ಆದುದರಿಂದ ನಿಮ್ಮ ಬದುವಿನ ಹುಲ್ಲು ನೆರೆಯವರಿಗೆ ನೀವು ತೀರಿಸಬೇಕಾದ ಬಾಕಿ. ಕಿಟ್ಟ ಹುಲ್ಲು ಕೊಯ್ದು ತನ್ನದನ್ನು ತೀರಿಸಿದನು. ಪಕ್ಕದ ಗದ್ದೆಯ ಧನರಾಜ್ ಇನ್ನೂ ತೀರಿಸಿಲ್ಲ.