ಇಬ್ಬರೆಂದು ಬರೆದುಕೊಳ್ಳಿ

ಬಾಡಿಗೆ ಮನೆ ಕೈತಪ್ಪುವುದು ಹೇಗೆಂದು ನಗರದಲ್ಲಿ ಇರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ದಿನ ಮನೆಯ ಮಾಲೀಕ ಬಾಗಿಲಲ್ಲಿ ನಿಂತು ಕೆಮ್ಮುತ್ತಾನೆ. ಕಟ್ಟಡ ಹಳೆಯದಾಯಿತು, ಕೆಡವುತ್ತೇವೆ ಅನ್ನುತ್ತಾನೆ. ಬೇರೆ ಮನೆ ಹುಡುಕಲು ಹೊರಟರೆ ಬಾಡಿಗೆ ಕೇಳಿಯೇ ಎದೆ ಝಲ್ಲೆನ್ನುತ್ತದೆ. ಗುಂಡಿಯಕ್ಕನ ಸಂಸಾರಕ್ಕೆ ಆದದ್ದೂ ಇದೇ.

ಗುಂಡಿಯಕ್ಕ ಟೈಲರಿಂಗ್ ಅಂಗಡಿಯಲ್ಲಿ ಕಾಜಾ ಹೊಲಿದು ಗುಂಡಿ ಹಚ್ಚುವವಳು. ಇಡೀ ಬೀದಿಗೆ ಅವಳು ಗುಂಡಿಯಕ್ಕನೇ. ಅಪ್ಪ ಅಮ್ಮ ಇಟ್ಟ ಹೆಸರು ಅವಳಿಗೇ ಮರೆತಿದೆಯೋ ಏನೋ. ಗಂಡ ಎರಡು ಬೀದಿ ಆಚೆಯ ಬೇಕರಿಯಲ್ಲಿ ಬ್ರೆಡ್ಡು ಬೇಯುವ ಭಟ್ಟಿ ನೋಡಿಕೊಳ್ಳುತ್ತಾನೆ. ಊರು ಏಳುವ ಮೊದಲೇ ಎದ್ದು ಮಾಡುವ ಕೆಲಸ. ಮನೆ ಹೋದ ಮೇಲೆ ಅಂಗಡಿಯ ಯಜಮಾನಿ ಗುಂಡಿಯಕ್ಕನಿಗೆ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಮಲಗಲು ಜಾಗ ಕೊಟ್ಟಳು. ಬೇಕರಿಯವನೂ ಗಂಡನಿಗೆ ಹಿಟ್ಟಿನ ಮೂಟೆಗಳ ಪಕ್ಕ ಜಾಗ ಕೊಟ್ಟ, ಆದರೆ ಒಂಟಿ ಆಳಿಗೆ ಮಾತ್ರ, ಹೆಂಡತಿ ಮಕ್ಕಳ ರಗಳೆ ತನಗೆ ಬೇಡ ಎಂದ. ಹೆಂಡತಿ ಇರುವ ವಿಷಯ ಎತ್ತದೆ ಗಂಡ ಹೂಂ ಎಂದು ತಲೆಯಾಡಿಸಿದ. ಒಂದೆರಡು ತಿಂಗಳ ಮಟ್ಟಿಗೆ ತಾನೇ ಎಂದುಕೊಂಡರು. ನೋಡನೋಡುತ್ತ ಎರಡು ವರ್ಷ ಕಳೆಯಿತು.

ಭಾನುವಾರ ಮಧ್ಯಾಹ್ನ ಗಂಡ ಹೆಂಡತಿ ಪಾರ್ಕಿನ ಬೆಂಚಿನ ಮೇಲೆ ಭೇಟಿಯಾಗುತ್ತಿದ್ದರು. ತಲೆ ನೆರೆಯತೊಡಗಿದವರು ಕಾಲೇಜು ಹುಡುಗ ಹುಡುಗಿಯರ ನಡುವೆ ಜಾಗ ಹುಡುಕಬೇಕಿತ್ತು. ಒಮ್ಮೆ ಪಾರ್ಕಿನ ಕಾವಲುಗಾರ ಬಂದು, ಹೀಗೆ ಕದ್ದು ಕೂತಿರುವುದು ಮನೆಯವರಿಗೆ ಗೊತ್ತೇ ಎಂದು ಗದರಿದ. ಗಂಡ ಬಿದ್ದು ಬಿದ್ದು ನಕ್ಕ. ಗುಂಡಿಯಕ್ಕನೂ ನಕ್ಕಳು, ಆದರೆ ಅಂಗಡಿಗೆ ಮರಳುವ ದಾರಿಯಲ್ಲಿ ಅವಳ ಕಣ್ಣು ತುಂಬಿಬಂತು.

ಅವಳೇನೂ ಬಂಗಲೆಗೆ ಆಸೆಪಟ್ಟವಳಲ್ಲ. ಒಳಗಿನಿಂದ ಚಿಲಕ ಹಾಕಿಕೊಳ್ಳಲು ಒಂದು ಬಾಗಿಲು, ಪಕ್ಕದಲ್ಲಿ ಗಂಡನ ಗೊರಕೆ, ಅಷ್ಟಿದ್ದರೆ ಸಾಕಿತ್ತು. ಮನೆಯಿದ್ದಾಗ ಆ ಗೊರಕೆಗೆ ರೇಗಿ ದಿಂಬು ಎಸೆದವಳು ಈಗ ಅದೇ ಸದ್ದಿಗಾಗಿ ಹಂಬಲಿಸುತ್ತಿದ್ದಳು. ಒಂದು ಸಲ ಭಟ್ಟಿಯ ಬಾಗಿಲು ತಗುಲಿ ಅವನ ಮುಂಗೈ ಸುಟ್ಟಿತ್ತು. ಅವಳಿಗೆ ತಿಳಿದದ್ದು ಭಾನುವಾರ, ಗಾಯ ಒಣಗಿ ಹಕ್ಕಳೆ ಕಟ್ಟಿದ ಮೇಲೆ. ಹತ್ತಿರ ಕೂತು ಒಂದು ಉಸಿರು ಊದಲೂ ಆಗಲಿಲ್ಲವಲ್ಲ ಎಂಬ ಸಂಕಟ ಅವಳನ್ನು ಬಹಳ ದಿನ ಬಿಡಲಿಲ್ಲ.

ಹೀಗಿರುವಾಗ ವಾರ್ಡಿನ ಆರೋಗ್ಯ ಕೇಂದ್ರದ ಸಿಸ್ಟರ್ ತಮ್ಮ ಬಿಳಿ ಕೋಟಿಗೆ ಗುಂಡಿ ಹಚ್ಚಿಸಲು ಅಂಗಡಿಗೆ ಬಂದರು. ಬರುವ ಸೋಮವಾರದಿಂದ ನಗರದಲ್ಲಿ ಮನೆಯಿಲ್ಲದವರ ಎಣಿಕೆ ಇದೆ, ನಾನೂ ಹೋಗಬೇಕು ಎಂದರು. ಗುಂಡಿಯಕ್ಕ ದಾರ ಕಚ್ಚಿ ತುಂಡರಿಸುತ್ತ, ಸೇತುವೆ ಕೆಳಗೆ ಮಲಗುವವರನ್ನು ನೋಡಿದರೆ ಅಯ್ಯೋ ಅನಿಸುತ್ತದೆ ಎಂದಳು.

"ನೀವು ರಾತ್ರಿ ಎಲ್ಲಿ ಮಲಗ್ತೀರಿ ಅಕ್ಕಾ?"

"ಇಲ್ಲೇ, ಮೇಜಿನ ಕೆಳಗೆ. ನನಗೇನಾಗಿದೆ, ತಲೆ ಮೇಲೆ ಸೂರಿದೆಯಲ್ಲ."

"ಸೂರಿದೆ ಸರಿ. ಮನೆ ಇದೆಯಾ?"

ಗುಂಡಿಯಕ್ಕನ ಸೂಜಿ ನಿಂತಿತು. ಆಮೇಲೆ ಸಿಟ್ಟು ಬಂತು. ತನ್ನನ್ನು ಬೀದಿಪಾಲಾದವರ ಜೊತೆ ಸೇರಿಸುವುದೇ? ಹೋದ ವರ್ಷವೂ ಯಾರೋ ಬಂದು ಕೇಳಿದ್ದರು. ಗಂಡ ದೂರದೂರಲ್ಲಿದ್ದಾನೆ, ಇವತ್ತೋ ನಾಳೆಯೋ ಬಂದು ಕರೆದುಕೊಂಡು ಹೋಗುತ್ತಾನೆ ಎಂದು ಹೇಳಿ ಸಾಗಹಾಕಿದ್ದಳು. ತಲೆ ಎಣಿಸಿದ ಮಾತ್ರಕ್ಕೆ ಮನೆ ಹುಟ್ಟುತ್ತದೆಯೇ, ನಾಳೆ ಪೊಲೀಸರು ಬಂದು ಇಲ್ಲಿಂದಲೂ ಎಬ್ಬಿಸಿದರೆ ಯಾರನ್ನು ಕೇಳಲಿ ಎಂದು ಒಂದೇ ಉಸಿರಿಗೆ ಕೇಳಿದಳು.

ಸಿಸ್ಟರ್ ಬೇಸರಪಡಲಿಲ್ಲ. ಸ್ಟೂಲು ಎಳೆದುಕೊಂಡು ಕೂತು ಸಮಾಧಾನವಾಗಿ ತಿಳಿಸಿದರು. ಇಷ್ಟವಿಲ್ಲದಿದ್ದರೆ ಹೆಸರು ಹೇಳಬೇಕಾಗಿಲ್ಲ; ಹೇಳಿದ್ದು ಪೊಲೀಸರಿಗೂ ಹೋಗುವುದಿಲ್ಲ, ಮಾಲೀಕರಿಗೂ ಹೋಗುವುದಿಲ್ಲ. ಅಂಗಡಿ, ಗೋಡೌನು, ನೆಂಟರ ಮನೆಯ ಮೂಲೆ ಎಲ್ಲಿ ಮಲಗಿದರೂ ಅವರನ್ನೂ ಎಣಿಸುತ್ತಾರೆ. ಈ ವರ್ಷದ್ದನ್ನು ಹಿಂದಿನ ವರ್ಷದ ಪಕ್ಕ ಇಟ್ಟು ನೋಡುತ್ತಾರೆ. ಯಾವ ಕಡೆ ಜನ ಹೆಚ್ಚಿದರು, ಯಾವ ಕಡೆ ಕಡಿಮೆಯಾದರು, ಕಡಿಮೆಯಾದವರಿಗೆ ಮನೆ ಸಿಕ್ಕಿತೋ ಅಥವಾ ಅವರನ್ನು ಯಾರಾದರೂ ಓಡಿಸಿದರೋ ಎಂದು ವಿಚಾರಿಸುತ್ತಾರೆ. ಎಲ್ಲಿ ಏನು ಕಟ್ಟಿಸಬೇಕು ಎಂಬ ತೀರ್ಮಾನ ಆಗುವುದು ಅದರಿಂದಲೇ.

"ಹೋದ ವರ್ಷ ನಮ್ಮ ವಾರ್ಡಲ್ಲಿ ಬರೀ ಒಂಟಿ ಗಂಡಸರೇ ಸಿಕ್ಕಿದ್ದು ಅಕ್ಕಾ," ಎಂದರು ಸಿಸ್ಟರ್. "ಅದಕ್ಕೇ ಗಂಡಸರು ಮಲಗೋಕೆ ಒಂದು ಹಾಲ್ ಮಾಡಿದ್ರು. ಸ್ಕೂಲ್ ಹಿಂದಿನ ಹಳೇ ಕ್ವಾರ್ಟರ್ಸ್ ಖಾಲಿ ಇದೆ, ಸಂಸಾರ ಇರೋರಿಗೆ ಕೊಡಿ ಅಂತ ನಾನೇ ಪಾಲಿಕೆಗೆ ಹೋಗಿ ಕೇಳಿದೆ. ಅಂಥ ಸಂಸಾರಗಳು ಎಲ್ಲಿವೆ, ತೋರಿಸಿ ಅಂದ್ರು. ಈ ಸಲವೂ ಯಾರೂ ಇಲ್ಲ ಅಂತ ಬಂದ್ರೆ ಅದು ಗೋಡೌನ್ ಆಗುತ್ತೆ."

ಆ ಭಾನುವಾರ ಬೆಂಚಿನ ಮೇಲೆ ಗುಂಡಿಯಕ್ಕ ಸುತ್ತಿಬಳಸಲಿಲ್ಲ. ಹೋದ ವರ್ಷ ಎಣಿಸುವವರು ಬೇಕರಿಗೂ ಬಂದಿದ್ದರೇ ಎಂದು ಕೇಳಿದಳು. ಬಂದಿದ್ದರಂತೆ. ಯಜಮಾನ ಪಕ್ಕದಲ್ಲೇ ನಿಂತಿದ್ದನಂತೆ.

"ನೀವೇನು ಹೇಳಿದ್ರಿ?"

ಗಂಡ ಪ್ಯಾಂಟಿನ ಮೇಲಿನ ಹಿಟ್ಟು ಕೊಡವಿದ. ಕೊಡವಿದ ಜಾಗವನ್ನೇ ಮತ್ತೆ ಕೊಡವಿದ. "ನನಗೆ ಯಾರೂ ಇಲ್ಲ ಅಂದೆ ಕಣೇ."

ಗುಂಡಿಯಕ್ಕ ಯಾವ ಬಾಯಲ್ಲಿ ಅವನನ್ನು ಬಯ್ಯಬೇಕು? ಎರಡು ಬೀದಿ ಆಚೆ ಇದ್ದ ಗಂಡನನ್ನು ದೂರದೂರಿಗೆ ಅಟ್ಟಿದವಳು ಅವಳೇ ಅಲ್ಲವೇ! ಒಬ್ಬರಿಗಾಗಿ ಒಬ್ಬರು ಹಗಲೂ ರಾತ್ರಿ ಹಂಬಲಿಸುತ್ತಿದ್ದವರು ತಾವೇ ಕೈಯಾರೆ ತಮ್ಮ ಸಂಸಾರವನ್ನು ಲೆಕ್ಕದಿಂದ ಕಿತ್ತುಹಾಕಿದ್ದರು.

ಅವಳು ಸಿಸ್ಟರ್ ಹೇಳಿದ್ದನ್ನೆಲ್ಲ ಅವನಿಗೆ ಹೇಳಿದಳು. ಅವನು ಹೆದರಿದ. ನಿಜ ಗೊತ್ತಾದರೆ ಬೇಕರಿಯವನು ಹೊರಗೆ ಹಾಕುತ್ತಾನೆ, ಇರುವ ಜಾಗಕ್ಕೂ ಸಂಚಕಾರ ಎಂದ. ಹೆದರಿಕೆ ಅವಳಿಗೂ ಇತ್ತು. ಕೊನೆಗೆ, ಯಜಮಾನನ ಕಿವಿಗೆ ಬೀಳದಂತೆ ಇಬ್ಬರೂ ಆರೋಗ್ಯ ಕೇಂದ್ರಕ್ಕೇ ಹೋಗಿ ಹೇಳುವುದೆಂದು ಒಪ್ಪಿಕೊಂಡರು.

ಆದರೆ ಅಂದುಕೊಂಡಂತೆ ಆಗಲಿಲ್ಲ. ಸೋಮವಾರ ಬೆಳಿಗ್ಗೆ ಗುಂಡಿಯಕ್ಕ ಗಂಡನನ್ನು ಕರೆಯಲು ಹೋದಾಗ ಎಣಿಸುವವರು ಆಗಲೇ ಬೇಕರಿಯಲ್ಲಿದ್ದರು. ಬಿಸಿ ಬ್ರೆಡ್ಡಿಗೆ ಜನ ಸಾಲುಗಟ್ಟಿದ್ದರು. ಅವಳೂ ಗಿರಾಕಿಯಂತೆ ಸಾಲಿನ ಕೊನೆಗೆ ನಿಂತಳು. ಯಜಮಾನ ಗಲ್ಲಾದ ಹಿಂದಿನಿಂದಲೇ, ಇಲ್ಲಿ ಮಲಗುವವನು ಒಬ್ಬನೇ, ಹಿಂದಿಲ್ಲ ಮುಂದಿಲ್ಲ, ಒಂಟಿ ಎಂದು ಬರೆದುಕೊಂಡು ಹೊರಡಿ ಎಂದ.

ಗಂಡ ಭಟ್ಟಿಯ ಮುಂದೆ ಟ್ರೇ ಹಿಡಿದು ನಿಂತಿದ್ದ. ಸಾಲಿನಲ್ಲಿದ್ದ ಹೆಂಡತಿಯನ್ನು ನೋಡಿದ. ಗುಂಡಿಯಕ್ಕ ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿದಳು. ಅವನು ಟ್ರೇ ಕೆಳಗಿಟ್ಟು ಬಂದ.

"ಒಂಟಿ ಅಲ್ಲ. ಇಬ್ಬರು ಅಂತ ಬರ್ಕೊಳ್ಳಿ. ಅಲ್ಲಿ ಕೊನೇಲಿ ನಿಂತಿದಾಳಲ್ಲ, ಅವಳು ನನ್ನ ಹೆಂಡತಿ."

ಸಾಲಿನವರೆಲ್ಲ ತಿರುಗಿ ನೋಡಿದರು. ಮನೆ ಹೋದಾಗಿನಿಂದ ನಾಲ್ಕು ಜನರ ಮುಂದೆ ಅವನು ಅವಳನ್ನು ಹೆಂಡತಿ ಎಂದದ್ದು ಅದೇ ಮೊದಲು. ಗುಂಡಿಯಕ್ಕನಿಗೆ ನಾಚಿಕೆಯಾಯಿತು, ಅಳು ಬಂತು, ಕಾಲು ಮಾತ್ರ ತಾನಾಗಿಯೇ ಮುಂದೆ ನಡೆದು ಅವನ ಪಕ್ಕ ನಿಂತಿತು. ಅವಳ ಮುಂದೆ ನಿಂತಿದ್ದ ಹೆಂಗಸೊಬ್ಬಳು ಎಣಿಸುವವರ ಹತ್ತಿರ ಹೋಗಿ ಮೆಲ್ಲನೆ ಹೇಳಿದಳು.

"ನಮ್ಮದೂ ಇದೇ ಪಾಡು. ಮಕ್ಕಳು ನಾನು ನಾದಿನಿ ಮನೆ ಹಾಲಲ್ಲಿ, ನಮ್ಮನೆಯವರು ಲಾರೀಲಿ. ನಮ್ಮನ್ನೂ ಬರ್ಕೊಳ್ತೀರಾ?"

ಯಜಮಾನ ಮುಖ ಊದಿಸಿಕೊಂಡು ಎರಡು ದಿನ ಮಾತು ಬಿಟ್ಟ. ಹೊರಗೆ ಮಾತ್ರ ಹಾಕಲಿಲ್ಲ. ನಸುಕಿಗೇ ಎದ್ದು ಭಟ್ಟಿ ಹಚ್ಚುವ ಇನ್ನೊಬ್ಬ ಅವನಿಗೆಲ್ಲಿ ಸಿಗಬೇಕು?

ಇಲ್ಲವೇ ಇಲ್ಲ ಎಂದುಕೊಂಡಿದ್ದ ಸಂಸಾರಗಳು ಆ ವಾರ ಅಂಗಡಿಗಳ ಹಿಂದಿನಿಂದ, ಮೆಟ್ಟಿಲುಗಳ ಕೆಳಗಿನಿಂದ ಒಂದೊಂದಾಗಿ ಲೆಕ್ಕಕ್ಕೆ ಬಂದವು. ಹಳೆಯ ಕ್ವಾರ್ಟರ್ಸ್ ಗೋಡೌನ್ ಆಗಲಿಲ್ಲ. ಈಗ ಅಲ್ಲಿ ಸುಣ್ಣ ಬಳಿಯುತ್ತಿದ್ದಾರೆ. ಕೋಣೆಗಳು ಕಡಿಮೆ, ಸಂಸಾರಗಳು ಜಾಸ್ತಿ. ಪುಟ್ಟ ಮಕ್ಕಳಿರುವವರಿಗೆ ಮೊದಲು. ನಾದಿನಿಯ ಮನೆಯಲ್ಲಿದ್ದವಳಿಗೆ ಒಂದು ಕೋಣೆ ನಿಗದಿಯಾಗಿದೆ. ಗುಂಡಿಯಕ್ಕನ ಸರದಿ ಇನ್ನೂ ಬಂದಿಲ್ಲ. ಭಾನುವಾರ ಅವಳೂ ಗಂಡನೂ ಆ ಕಡೆ ಹೋಗಿ ತೆರೆದ ಕಿಟಕಿಯಿಂದ ಒಳಗೆ ಇಣುಕುತ್ತಾರೆ. ಹಾಸಿಗೆ ಆ ಮೂಲೆಗೆ ಎಂದು ಅವಳು ಬೆರಳು ತೋರಿಸುತ್ತಾಳೆ. ಸಂಜೆ ಅವನು ಬೇಕರಿಗೆ, ಅವಳು ಅಂಗಡಿಗೆ. ಆ ಹೊತ್ತಿನಲ್ಲಿ ಅವಳ ಜೀವಕ್ಕೆ ಇಂದಿಗೂ ಕಷ್ಟವಾಗುತ್ತದೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಅಂಗಡಿಯಲ್ಲೋ ನೆಂಟರ ಮನೆಯಲ್ಲೋ ನೀವು ಮಲಗುವುದಾದರೆ ಅದು ನಿಮ್ಮ ತಪ್ಪಲ್ಲ. ಎಣಿಸುವವರು ಬಂದಾಗ ಮರೆಯಾಗಬೇಡಿ. ಹೆಸರು ಹೇಳಬೇಕೇ, ಅದು ಯಾರ ಕೈಗೆ ಹೋಗುತ್ತದೆ ಎಂದು ಕೇಳಿ ತಿಳಿದುಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮನೆಯಿರುವವರೇ, ನಿಮ್ಮ ಜಗಲಿಯಲ್ಲಿ ಮಲಗುವವರನ್ನು ಬೀದಿ ಚೆನ್ನಾಗಿ ಕಾಣಲೆಂದು ಆ ದಿನ ಎಬ್ಬಿಸಿ ಕಳಿಸಬೇಡಿ. ನೀವು ಎಬ್ಬಿಸಿದವರು ನಗರದ ಕಣ್ಣಿಗೆ ಇಲ್ಲವಾಗುತ್ತಾರೆ. ಯಾರ ಜೊತೆ ಬಾಳಬೇಕೆಂದು ನಿಮಗೆ ಆಸೆಯೋ ಅವರ ಪಕ್ಕದಲ್ಲೇ ನಿಂತು, ನಾವು ಇಷ್ಟು ಜನ ಎಂದು ಹೇಳಿ. ಗುಂಡಿಯಕ್ಕ ಇನ್ನೂ ಕಾಯುತ್ತಿದ್ದಾಳೆ, ನಿಜ. ಆದರೆ ಅವಳು ಕಾಯುತ್ತಿರುವುದು ಈಗ ಊರಿಗೆ ಗೊತ್ತಿದೆ.