ಯಾರೂ ಕೇಳದ ಅರಿಷಿಣದ ಹಾಡು

ಶೇಖವ್ವ ಮೊಬೈಲಿನ ಮುಂದ ಎಂದೂ ಹಾಡಿದಾಕಿ ಅಲ್ಲ. ಮೊಮ್ಮಕ್ಕಳು ಫೋನ್ ಹಿಡಕೊಂಡು ಬಂದ್ರ ಸಾಕು, "ಏ ಹೋಗ್ರೋ, ನನಗ ನಾಚಿಕಿ ಬರ್ತೈತಿ" ಅಂತ ಬಾಯಿಗೆ ಸೆರಗು ಒತ್ಕೊಂಡು ನಗಾಕಿ. ಆದ್ರ ತಿಳವಳ್ಳಿ ಕಡೆಯ ಬೆಳ್ಳಿಚುಕ್ಕಿ ರೇಡಿಯೋದ ಕೋಣ್ಯಾಗ ಕುಂತು, ಬಾಗಿಲಾ ಹಾಕಿಸಿ, ಒಂದ ಒಂದು ಹಾಡು ಹಾಡಿ ರೆಕಾರ್ಡ್ ಮಾಡಿಸಿದ್ಲು. ಮೊಮ್ಮಗಳು ಜಯಾನ ಅರಿಷಿಣದ ಹಾಡು. "ಆಕಿ ಮದುವ್ಯಾಗ ನಾ ಇರೂದಿಲ್ಲ. ಅವತ್ತ ಹಚ್ರಿ. ಅಲ್ಲೀತನಾ ಯಾರೂ ಕೇಳಬ್ಯಾಡ್ರಿ" ಅಂದು ಎದ್ದು ಬಂದ್ಲು. ಮುಂದಿನ ಮಳಿಗಾಲಕ್ಕ ಹೋಗೇಬಿಟ್ಲು, ಪಾಪ.

ಊರೂರಿನ ಮುದುಕೇರ ಹಾಡು ಕೂಡಿಸಿ ಇಡೂ ಆ ರೇಡಿಯೋ ನಡಸಾವ ಆಕಿ ಮಗ ಉಡಚಪ್ಪ. ಮನುಷ್ಯಾ ಬಂಗಾರದಂಥಾವ. ರೇಡಿಯೋದ ಕಟ್ಟಿ ಮ್ಯಾಲ ನೀರಿನ ಗಡಿಗಿ ಇಟ್ಟು, ಅದರ ಮ್ಯಾಲ ಗ್ವಾಡಿಗೆ ವೈಫೈ ಪಾಸ್‌ವರ್ಡ್ ಪೇಂಟಿನ್ಯಾಗ ಬರಸಿದ್ದ. ನೀರಡಿಸಿ ಬಂದವರಿಗೆ ನೀರು, ಓದೂ ಹುಡುಗೂರಿಗೆ ವೈಫೈ, ಎರಡಕ್ಕೂ ಇಲ್ಲ ಅನಬಾರದು ಅಂತ ಅವನ ಮಾತು.

ರೇಡಿಯೋದ ಕಂಪ್ಯೂಟರ್ ನೋಡಿಕೊಳ್ಳೂ ನೀಲಾಂಬಿಕಾಗ ಇದು ಸರಿ ಕಾಣಲಿಲ್ಲ.

"ಉಡಚಪ್ಪಣ್ಣಾ, ಬಂದವರ ವೈಫೈನೂ ನಮ್ಮ ಹಾಡಿನ ಕಂಪ್ಯೂಟರೂ ಒಂದ ನೆಟ್‌ವರ್ಕಿನ್ಯಾಗ ಅದಾವ್ರಿ. ಒಳಗ ಯಾರು ಬರಾಕತ್ತಾರ, ಏನ್ ಮಾಡಾಕತ್ತಾರ ಅಂತ ನೋಡೂ ಕಾವಲು ವ್ಯವಸ್ಥೆ ಹಾಕ್ಸೂಣ್ರಿ."

"ಅದೇನ್ ಕಳ್ಳನ್ನ ಹಿಡಿತೈತೇನು?"

"ಇಲ್ರಿ. ಗೋವಿನಜ್ವಾಳದ ಹೊಲದಾಗ ಅಟ್ಟಣಿಗಿ ಮ್ಯಾಲ ಕುಂತಾವ ಹಂದಿ ಬಂದ್ರ ಕೂಗ್ತಾನಲ್ರಿ, ಹಂಗ. ಕೂಗೂದು ಅದರ ಕೆಲಸ. ಎದ್ದು ಓಡೂದು ನಮ್ಮದು."

ನೋಡೂಣು ಅಂತ ಒಂದು ತಿಂಗಳು ಹಚ್ಚಿದ್ರು. ಅಯ್ಯಯ್ಯ, ಅದು ದಿನಾ ಬೆಳಗಾದ್ರ ಒದರಾಕ ಶುರು ಮಾಡ್ತು. ನೋಡಿದ್ರ ಕಟ್ಟಿ ಮ್ಯಾಲ ಕುಂತು ಸಿನಿಮಾ ಇಳಿಸಿಕೊಳ್ಳೂ ಊರ ಹುಡುಗೂರ ಫೋನ್! ಉಡಚಪ್ಪಗ ಸಿಟ್ಟು ನೆತ್ತಿಗೇರ್ತು.

"ನಮ್ಮ ಹುಡುಗೂರನ್ನ ಕಳ್ಳರು ಅಂತೈತಲ್ಲವಾ ನಿನ್ನ ಮಷೀನು! ಮನಿಗೆ ಬಂದವರನ್ನ ಸಂಶೇದಿಂದ ನೋಡಾಕ ನಾ ರೊಕ್ಕ ಬ್ಯಾರೆ ಕೊಡ್ಲೇನು?"

"ಮೊದಮೊದಲು ಸುಳ್ಳು ಕೂಗು ಜಾಸ್ತಿ ಇರ್ತಾವ್ರಿ. ಯಾವುದು ನಮ್ಮವರದು ಅಂತ ಕಲಿಸಿಕೋತ ಹೋದ್ರ ಕಡಿಮಿ ಆಕ್ಕಾವು."

"ಬ್ಯಾಡವಾ, ತಗದ ಹಾಕು. ಕದಿಯಾಕ ನಮ್ಮಲ್ಲೇನೈತಿ? ಮುದುಕೇರ ಹಾಡು!"

ಆ ಮಾತಿಗೆ ಎಲ್ಲಾರೂ ನಕ್ರು. ನೀಲಾಂಬಿಕಾನೂ ನಕ್ಕು ಆ ಕಾವಲು ತಗದಳು.

ಜಯಾನ ಮದುವಿಗೆ ಒಂದು ವಾರ ಇತ್ತು. ಮುಂಜಾನೆ ಕಂಪ್ಯೂಟರ್ ತಗದ್ರ ಒಂದು ಹಾಡೂ ತೆರೀವಲ್ದು. ಎಲ್ಲಾದಕ್ಕೂ ಕೀಲಿ ಬಿದ್ದೈತಿ, ಹಣ ಕೊಟ್ರ ತೆರೀತೇವಿ ಅಂತ ಪರದೆ ಮ್ಯಾಲ ಬರಹ. ಹಾಡುಗಳ ಇನ್ನೊಂದು ಪ್ರತಿ ಇಟ್ಟ ಡಿಸ್ಕ್ ಸದಾ ಅದ ಕಂಪ್ಯೂಟರಿಗೆ ಚುಚ್ಚಿದ್ದು, ಅದಕ್ಕೂ ಕೀಲಿ. ಹುಬ್ಬಳ್ಳಿಯಿಂದ ಬಂದ ಎಂಜಿನಿಯರ್ ನೋಡಿ ತಲಿ ಅಲ್ಲಾಡಿಸಿದ. ಯಾರದೋ ಫೋನಿನ್ಯಾಗಿನ ಕೆಟ್ಟ ಆ್ಯಪ್ ಹಿಡಕೊಂಡು ಹೊರಗಿನಾವ ಒಳಗ ಬಂದಿದ್ದ. ವಾರಗಟ್ಲೆ ಸುಮ್ನ ಓಡಾಡಿದ್ದ. ಕೂಗಾಕ ಯಾರೂ ಇರಲಿಲ್ಲ.

"ರೊಕ್ಕ ಕೊಟ್ಟಬಿಡೂಣು" ಅಂದ ಉಡಚಪ್ಪ. ಕೊಟ್ರೂ ತೆರೀತಾರನ್ನೂ ಖಾತ್ರಿ ಇಲ್ಲ ಅಂದ್ರು ಪೊಲೀಸ್ರು. ಪರದೆ ಮ್ಯಾಲ ಕೊಟ್ಟಿದ್ದ ವಿಳಾಸಕ್ಕ ಬರದು ನೋಡಿದ್ರ ಉತ್ತರಾನೂ ಬರಲಿಲ್ಲ. ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರಿನ ಹೆಣ್ಣಮಕ್ಕಳ ಹಾಡು, ಸವಣೂರಿನ ಗೌಸಬಿಯ ಜೋಗುಳ, ಎಲ್ಲಾ ಹೋದ್ವು. ಉಡಚಪ್ಪಗ ಊಟ ಸೇರಲಿಲ್ಲ. ತಂಗಿಗೆ, ಜಯಾನ ಅವ್ವಗ, ಹೇಳಬೇಕಂತ ದಿನಾ ಹೋಗಾವ, ಮದುವಿ ಮನಿ ಸಡಗರ ನೋಡಿ ಹೇಳದ ಬರಾವ.

ಅರಿಷಿಣದ ದಿನ ಜಯಾ ಮಣಿ ಮ್ಯಾಲ ಕುಂತ್ಲು. ಮುತ್ತೈದೇರು ಸುತ್ತಲೂ ನಿಂತ್ರು.

"ಮಾವಾ, ಆಯಿ ಹಾಡು ಹಚ್ಚು."

ಉಡಚಪ್ಪ, ಹಾಡು ಹೋತು ಅಂತ ಎಲ್ಲಾರ ಮುಂದ ಹೇಳಿದ. ಬೈತಾರ ಅಂದ್ಕೊಂಡಿದ್ದ, ಬೈದಿದ್ರ ಪಾಡಿತ್ತು. ಜಯಾನ ಅವ್ವ ಶಾರವ್ವ ಅಣ್ಣನ ಮಾರಿ ನೋಡಿ ಇಷ್ಟ ಅಂದ್ಲು: "ನಾ ಒಮ್ಮೆರೆ ಕೇಳಬೇಕಿತ್ತಣ್ಣ. ಅವ್ವ ಬ್ಯಾಡಂದಾಳಂತ ಬಿಟ್ಟೆ."

ಜಯಾ ನೀಲಾಂಬಿಕಾನ ಕಡೆ ತಿರುಗಿದಳು. ಶೇಖವ್ವ ಹಾಡಿದಾಗ ರೇಡಿಯೋದ ಕೋಣ್ಯಾಗ ಇದ್ದಾಕಿ ಆಕಿ ಒಬ್ಬಾಕಿನ.

"ಅಕ್ಕಾ, ಆಯಿ ಏನಂತ ಹಾಡಿದ್ಲು?"

"ಸಾಲು ನೆನಪಿಲ್ಲ ತಂಗಿ. ನಿನ್ನ ಹೆಸರು ಬಂದಾಗೊಮ್ಮೆ ನಿಂತು ಉಸುರು ತಗೋತಿದ್ಲು."

"ಹೆಸರು ಹೆಂಗ ಕರದ್ಲು? ಅಷ್ಟರ ಅಂದು ತೋರ್ಸು."

ನೀಲಾಂಬಿಕಾ ಬಾಯಿ ತಗದ್ಲು. "ಜಯವ್ವಾ..." ಅಂದ್ಲು, ಮುಂದ ಆಗಲಿಲ್ಲ. ಅದು ಆಯಿ ಧ್ವನಿ ಅಲ್ಲ ಅಂತ ಆಕಿಗೂ ಗೊತ್ತು, ಜಯಾಗೂ ಗೊತ್ತು. "ಇರ್ಲಿ ಬಿಡಕ್ಕಾ" ಅಂತ ಜಯಾ ಅರಿಷಿಣದ ಕೈಲೇನ ಕಣ್ಣು ಒರಸ್ಕೊಂಡ್ಲು. ಉಡಚಪ್ಪ ಹಿತ್ತಲಕ್ಕ ಹೋಗಿ ಹುಡುಗನಂಗ ಅತ್ತ.

ಮದುವಿ ಮುಗದ ಮ್ಯಾಲ ಉಡಚಪ್ಪ ತಾನಾಗೇ ನೀಲಾಂಬಿಕಾನ ಹುಡಿಕ್ಕೊಂಡು ಬಂದ.

"ಆ ಕಾವಲು ಹಾಕ್ಸವಾ. ಎಷ್ಟ ಅಂತ ನಾ ಕೇಳೂದಿಲ್ಲ."

"ಪುಕ್ಕಟ ಸಿಗೂ ಸಾಫ್ಟ್‌ವೇರೂ ಅದಾವ್ರಿ, ಹಳೇ ಕಂಪ್ಯೂಟರ್ ಮ್ಯಾಲ ನಡೀತಾವು. ಖರ್ಚು ಇರೂದು ನೋಡೂ ಮನುಷ್ಯಾಗ. ಯಾರೂ ನೋಡದಿದ್ರ ಎಷ್ಟ ದುಬಾರಿದು ತಂದ್ರೂ ದಂಡ. ಬಂದವರ ವೈಫೈ ಬ್ಯಾರೆ ಮಾಡೂಣು. ಹಾಡಿನ ಪ್ರತಿ ತಗದ ಡಿಸ್ಕ್ ಕಂಪ್ಯೂಟರಿನಿಂದ ಬಿಚ್ಚಿ ನಿಮ್ಮ ಮನ್ಯಾಗ ಇಡೂಣು."

"ನೋಡಾಕ ನಾ ಕುಂದ್ರತೇನಿ. ಇನ್ನೂ ಯಾರ್ಯಾರು ಮುದುಕೇರು ಉಳದಾರ ಹೇಳು, ಕೈಕಾಲು ಹಿಡದು ಕರಕೊಂಡು ಬರ್ತೇನಿ."

ಅಕ್ಕಂದಿರ್ರಾ, ಅಣ್ಣಂದಿರ್ರಾ, ನಿಮ್ಮ ಸಂಘದಾಗ, ಡೇರ್ಯಾಗ, ಸಾಲ್ಯಾಗ, ದವಾಖಾನ್ಯಾಗ ಕಂಪ್ಯೂಟರ್ ಐತಲ್ಲ? ಅದರ ಮುಂದ ನಿಂತು ಒಂದ ಮಾತು ಕೇಳ್ಕೊಳ್ರಿ: ಇದರಾಗಿಂದು ಹೋದ್ರ ಮತ್ತ ಹುಟ್ಟಸಾಕ ಬರ್ತೈತೇನು? ಬರ್ತಿದ್ರ ಒಂದು ಪ್ರತಿ ಬ್ಯಾರೆ ಕಡೆ ಇಡ್ರಿ, ಸದ್ಯಕ್ಕ ಅಷ್ಟು ಸಾಕು. ಬರದಿದ್ರ ಪ್ರತೀನೂ ಇಡ್ರಿ, ಕಾವಲೂ ಹಾಕ್ಸ್ರಿ, ಅದು ಕೂಗಿದಾಗ ಬ್ಯಾಸರಾ ಮಾಡದ ಎದ್ದು ನೋಡ್ರಿ. ಮೋಸ ಆತಂದ್ರ ತಡಾ ಮಾಡದ ಸೈಬರ್ ಸಹಾಯವಾಣಿ 1930ಕ್ಕ ಫೋನ್ ಹಚ್ರಿ. ಶೇಖವ್ವನ ಹಾಡು ಇನ್ನ ಯಾರಿಗೂ ಸಿಗೂದಿಲ್ಲ. ನಿಮ್ಮಲ್ಲಿದ್ದದ್ದು ಇವತ್ತಿಗೆ ಇನ್ನೂ ಐತಿ, ಇವತ್ತ ಕಾಯ್ರಿ.