ಗಾಡಿ ಬೆವರುವುದಿಲ್ಲ

ಹಳೆಯ ಗಾಡಿ ಇರುವ ಮನೆಯಲ್ಲಿ ಒಂದು ಡಬ್ಬ ಇದ್ದೇ ಇರುತ್ತದೆ. ಸೋರುವ ಜಾಗಕ್ಕೆ ಒಡ್ಡುವ ಡಬ್ಬ. ಸೋರಿಕೆ ನಿಲ್ಲಿಸುವುದು ದೊಡ್ಡ ಕೆಲಸ, ಡಬ್ಬ ಇಡುವುದು ಸಣ್ಣ ಕೆಲಸ. ಡ್ರೈವರಣ್ಣ ಸಣ್ಣ ಕೆಲಸ ಮಾಡಿ ಕೈ ತೊಳೆದುಕೊಂಡಿದ್ದ.

ಮೂವತ್ತೆಂಟು ವರ್ಷ ಬಸ್ಸು ಓಡಿಸಿ ನಿವೃತ್ತನಾದವನು ಅವನು. ಸುಮ್ಮನೆ ಕೂರುವ ಜಾಯಮಾನವಲ್ಲ. ಒಂಟಿ ಸೀಟಿನ, ಪೆಟ್ರೋಲಿನ, ಹೆಚ್ಚುಕಡಿಮೆ ತನ್ನದೇ ವಯಸ್ಸಿನ ಒಂದು ಪುಟ್ಟ ಕೈತೋಟದ ಟ್ರ್ಯಾಕ್ಟರ್ ತಂದು, ಅಕ್ಕಪಕ್ಕದವರ ಹಿತ್ತಿಲಿನ ಹುಲ್ಲು ಕತ್ತರಿಸಿ ಕೊಡುತ್ತಿದ್ದ. ಗಾಡಿ ನಿಲ್ಲುತ್ತಿದ್ದುದು ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ. ಶೆಡ್ಡಿಗೆ ನಡುವೆ ಹಲಗೆಯ ಅಡ್ಡಗೋಡೆ. ಅದರಾಚೆ ಅವನ ಹೆಂಡತಿ ಬೀದಿಯವರ ಬಟ್ಟೆಗಳಿಗೆ ಇಸ್ತ್ರಿ ಮಾಡುತ್ತಿದ್ದಳು.

ಆ ಗಾಡಿ ಅವನ ತಲೆ ತಿಂದುಬಿಟ್ಟಿತು. ಓಡುವಾಗ ಒಂದು ಹನಿಯೂ ಸೋರದು. ತಂದು ನಿಲ್ಲಿಸಿದರೆ ಸಾಕು, ಎಂಜಿನ್ನಿಗೆ ಪೆಟ್ರೋಲು ಉಣಿಸುವ ಕಾರ್ಬೊರೇಟರಿನ ಬುಡದಿಂದ ತೊಟ್ಟು ತೊಟ್ಟಾಗಿ ಪೆಟ್ರೋಲು ಬೀಳುತ್ತಿತ್ತು. ದುಡಿಯುವಾಗ ಸುಮ್ಮನಿದ್ದು ಮಲಗಿದಾಗ ರಗಳೆ ಮಾಡುವ ಯಂತ್ರವನ್ನು ಅವನು ಕಂಡಿರಲಿಲ್ಲ. ಪೈಪು ಬದಲಿಸಿದ, ನಿಲ್ಲಲಿಲ್ಲ. ಬೋಲ್ಟು ಬಿಗಿ ಮಾಡಿದ, ನಿಲ್ಲಲಿಲ್ಲ. ಬೇಜಾರಾಗಿ ಸ್ಪ್ಯಾನರಿನ ಹಿಡಿಯಿಂದ ಮೆಲ್ಲಗೆ ತಟ್ಟಿದ, ಎರಡು ದಿನ ನಿಂತಿತು! ಮೂರನೆಯ ದಿನ ಮತ್ತೆ ಅದೇ ಕಥೆ. ಕೊನೆಗೆ ಡಬ್ಬ ಇಟ್ಟು, ತುಂಬಿದ್ದನ್ನು ಮತ್ತೆ ಟ್ಯಾಂಕಿಗೆ ಸುರಿದು, ಗಾಡಿ ಅಂದಮೇಲೆ ಒಂಚೂರು ಬೆವರುತ್ತೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಧೂಳು ಬಾರದಿರಲಿ ಎಂದು ಶೆಡ್ಡಿನ ಕಿಂಡಿಗಳಿಗೆ ಗೋಣಿಚೀಲ ತುರುಕಿದ.

ಇನ್ನೊಂದು ವಿಷಯದಲ್ಲಂತೂ ಅವನಿಗೆ ಹೆಮ್ಮೆಯೇ ಇತ್ತು. ಬಸ್ಸಿನ ಕಾಲದ ಅಭ್ಯಾಸ, ದಿನಾ ಬೆಳಿಗ್ಗೆ ಅಳತೆಕಡ್ಡಿ ಎಳೆದು ಎಂಜಿನ್ ಆಯಿಲ್ ನೋಡುತ್ತಿದ್ದ. ಎಲ್ಲರ ಗಾಡಿಯಲ್ಲಿ ಆಯಿಲ್ ಕಡಿಮೆಯಾಗುತ್ತದೆ, ಇವನದರಲ್ಲಿ ಏರುತ್ತಿತ್ತು. ಹೇಗೆಂದು ತಿಳಿಯದಿದ್ದರೂ ಕೆಟ್ಟದ್ದಂತೂ ಅಲ್ಲವಲ್ಲ ಎಂದುಕೊಂಡ.

ಇದೇ ಹೊತ್ತಿಗೆ ಹೆಂಡತಿಗೆ ತಲೆನೋವು ಹಿಡಿಯಿತು. ಇಸ್ತ್ರಿಗೆ ನಿಂತು ಅರ್ಧ ಗಂಟೆಗೆ ಹಣೆ ಒತ್ತಿಕೊಳ್ಳುತ್ತಿದ್ದಳು, ಹೊರಗೆ ಬಂದರೆ ಸರಿಹೋಗುತ್ತಿತ್ತು. ಸೆಕೆಗೆ ಇರಬೇಕು ಎಂದ ಗಂಡ. ಕಣ್ಣು ಪರೀಕ್ಷೆಯಾಗಿ ಹೊಸ ಕನ್ನಡಕ ಬಂತು, ತಲೆನೋವು ಹೋಗಲಿಲ್ಲ. ಅಷ್ಟರಲ್ಲಿ ಹಲ್ಲಿನ ಡಾಕ್ಟರರು ಇಸ್ತ್ರಿಯಾಗಿ ಬಂದ ತಮ್ಮ ಬಿಳಿ ಕೋಟು ಪೆಟ್ರೋಲ್ ವಾಸನೆ ಹೊಡೆಯುತ್ತದೆ ಎಂದು ವಾಪಸು ಕಳಿಸಿದರು. ನಿಮ್ಮ ಕೈ ತಾಗಿರಬೇಕು ಎಂದು ಹೆಂಡತಿ ಗಂಡನನ್ನು ಬೈದಳು. ತಾನು ಕೋಟು ಮುಟ್ಟೇ ಇಲ್ಲವಲ್ಲ ಎಂದು ಡ್ರೈವರಣ್ಣ ಕಣ್ಣು ಕಣ್ಣು ಬಿಟ್ಟ.

ಅಕ್ಕನ ತಲೆನೋವಿನ ಸುದ್ದಿ ಕೇಳಿ ತಂಗಿ ನೋಡಲು ಬಂದಳು. ಅವಳದು ಪಕ್ಕದ ಊರಿನಲ್ಲಿ ಪಂಪು, ಔಷಧಿ ಹೊಡೆಯುವ ಮೆಷಿನ್ನು, ಸಣ್ಣ ಎಂಜಿನ್ನು ರಿಪೇರಿ ಮಾಡುವ ಅಂಗಡಿ. ಬೆಳಿಗ್ಗೆ ಹನ್ನೊಂದರ ಸಮಯ. ಡ್ರೈವರಣ್ಣ ನಾದಿನಿಯನ್ನು ನೇರ ಶೆಡ್ಡಿಗೆ ಕರೆದೊಯ್ದು, ಅಳತೆಕಡ್ಡಿ ಎಳೆದು, ತನ್ನ ಗಾಡಿಯ ಮಹಿಮೆ ತೋರಿಸಿದ.

ನಾದಿನಿ ನಗಲಿಲ್ಲ. ಕಡ್ಡಿಯ ತುದಿಯ ಆಯಿಲನ್ನು ಬೆರಳಲ್ಲಿ ಉಜ್ಜಿದಳು. ಅದು ನೀರುನೀರಾಗಿತ್ತು. ಮೂಸಿದಳು.

"ಭಾವ, ಆಯಿಲ್ ತಾನಾಗೇ ಹೆಚ್ಚೋಕೆ ಇದೇನು ಹಾಲು ಕೊಡೋ ಹಸುನಾ? ಇದರೊಳಗೆ ಪೆಟ್ರೋಲ್ ಸೇರಿದೆ."

ಹೊರಗೆ ಸೋರುವ ಪೆಟ್ರೋಲು ಒಳಗಿನ ಆಯಿಲಿಗೆ ಹೇಗೆ ಸೇರೀತು ಎಂದು ಅವನು ಕೇಳುವಷ್ಟರಲ್ಲಿ ಹಲಗೆಯ ಆಚೆಯಿಂದ 'ಟಿಕ್' ಎಂದು ಸದ್ದಾಯಿತು. ಇಸ್ತ್ರಿಪೆಟ್ಟಿಗೆ ಬಿಸಿಯಾಗಿ ತಾನಾಗಿ ಆರುವ ಸದ್ದು. ನಾದಿನಿ ತಟ್ಟನೆ ಕಡ್ಡಿ ಕೆಳಗಿಟ್ಟಳು. ಅವಳು ಬಗ್ಗಿ ನೋಡಿದಳು. ಡಬ್ಬ ತುಂಬಿ ಹರಿದು, ನೆಲದ ಒದ್ದೆ ಗೆರೆಯೊಂದು ಹಲಗೆಯ ಅಡಿಯಿಂದ ಆಚೆಗೆ ಹೋಗಿತ್ತು. ಆಚೆ ನೆಲದ ಮೇಲೆಯೇ ಬಟ್ಟೆಯ ಗಂಟುಗಳಿದ್ದವು.

"ಅಕ್ಕ, ಕೈಲಿರೋದನ್ನ ಹಾಗೇ ಬಿಟ್ಟು ಹೊರಗೆ ಬಾ. ಸ್ವಿಚ್ ಮುಟ್ಬೇಡ, ಪ್ಲಗ್ ಕೀಳ್ಬೇಡ. ಭಾವ, ನೀವು ಮುಂದಿನ ಜಗಲಿಗೆ ಹೋಗಿ ಮೇನ್ ಆಫ್ ಮಾಡಿ."

ಡ್ರೈವರಣ್ಣ ಓಡಿದ. ಪಕ್ಕದಲ್ಲೇ ಸ್ವಿಚ್ಚಿರುವಾಗ ಇಷ್ಟು ದೂರ ಯಾಕೆ ಎಂದು ಅರ್ಥವಾಗದೆಯೇ ಓಡಿದ. ವಾಪಸು ಬಂದಾಗ ನಾದಿನಿ ಬಾಗಿಲುಗಳನ್ನು ಪೂರ್ತಿ ತೆರೆದು ಕಿಂಡಿಗಳ ಗೋಣಿಚೀಲ ಕಿತ್ತೆಸೆಯುತ್ತಿದ್ದಳು. ಹೆಂಡತಿ ಅಂಗಳದಲ್ಲಿ ಕನ್ನಡಕ ಕೈಯಲ್ಲಿ ಹಿಡಿದು ಕೂತಿದ್ದಳು.

ನಾದಿನಿ ಬಿಡಿಸಿ ಹೇಳಿದಳು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಮೇಲೆ ಹೋಗದೆ ನೆಲದ ಮೇಲೆ ಹರಡಿ ಮೂಲೆಯಲ್ಲಿ ನಿಲ್ಲುತ್ತದೆ. ಸ್ವಿಚ್ ಒತ್ತುವಾಗ, ಇಸ್ತ್ರಿಪೆಟ್ಟಿಗೆ ಟಿಕ್ ಎನ್ನುವಾಗ ಕಣ್ಣಿಗೆ ಕಾಣದ ಕಿಡಿ ಹಾರುತ್ತದೆ. ಅಷ್ಟು ಕಿಡಿ ಸಾಕು. ಅಕ್ಕನ ತಲೆನೋವಿಗೂ ಡಾಕ್ಟರರ ಕೋಟಿನ ವಾಸನೆಗೂ ಇದೇ ಕಾರಣ. ದಿನಾ ಅದರಲ್ಲೇ ಇದ್ದವರ ಮೂಗಿಗೆ ಆ ವಾಸನೆ ಗೊತ್ತಾಗುವುದಿಲ್ಲ.

ಡ್ರೈವರಣ್ಣನಿಗೆ ಅವಮಾನವಾಯಿತು. "ಮೂವತ್ತೆಂಟು ವರ್ಷ ಎಂಜಿನ್ ಪಕ್ಕದಲ್ಲೇ ಕೂತವನು ನಾನು" ಎಂದ.

"ನಿಮ್ಮ ಬಸ್ಸು ಡೀಸೆಲ್ಲಿಂದು ಭಾವ. ಅದಕ್ಕೆ ಕಾರ್ಬೊರೇಟರೇ ಇರ್ಲಿಲ್ಲ."

ಬಸ್ಸಿನಲ್ಲಿ ಇಲ್ಲದ ಇನ್ನೊಂದು ವಸ್ತುವನ್ನೂ ಅವಳು ತೋರಿಸಿದಳು. ಟ್ಯಾಂಕಿನ ಕೆಳಗೊಂದು ಪುಟ್ಟ ನಲ್ಲಿ. ಗಾಡಿ ನಿಲ್ಲಿಸಿದಾಗಲೆಲ್ಲ ಅದನ್ನು ಮುಚ್ಚಬೇಕು. ಡ್ರೈವರಣ್ಣ ಅದನ್ನು ಒಂದು ದಿನವೂ ಮುಟ್ಟಿರಲಿಲ್ಲ.

ನಲ್ಲಿ ಮುಚ್ಚಿ, ಶೆಡ್ಡಿನ ವಾಸನೆ ಪೂರ್ತಿ ಹೋಗುವವರೆಗೆ ಕಾದು, ಇಬ್ಬರೂ ಗಾಡಿಯನ್ನು ಬಯಲಿಗೆ ತಳ್ಳಿದರು. ಸ್ಟಾರ್ಟ್ ಮಾಡಲು ಅವಳು ಬಿಡಲಿಲ್ಲ. ಕಾರ್ಬೊರೇಟರಿನ ಬುಡದ ಬಟ್ಟಲು ಬಿಚ್ಚಿ ಒಳಗಿನ ಹಿತ್ತಾಳೆಯ ಪೊಳ್ಳು ಗುಂಡು ತೆಗೆದು ಭಾವನ ಕಿವಿಯ ಹತ್ತಿರ ಅಲುಗಿಸಿದಳು. ಒಳಗೆ ಕುಳುಕುಳು ಎಂದಿತು. ಎದುರು ಮನೆಯಿಂದ ತಂದ ಬಿಸಿನೀರಿನಲ್ಲಿ ಮುಳುಗಿಸಿದರೆ ಒಂದು ಕಡೆಯಿಂದ ಸಣ್ಣ ಗುಳ್ಳೆಗಳು ಎದ್ದವು. ಕೂದಲೆಳೆಯಷ್ಟು ತೂತು.

"ಮನೆ ಮೇಲಿನ ನೀರಿನ ಟ್ಯಾಂಕಲ್ಲಿ ಚೆಂಡು ತೇಲಿ ನೀರು ನಿಲ್ಸುತ್ತಲ್ಲ, ಇದೂ ಅದೇ. ಇದು ತೇಲಿ ಮೇಲಿನ ಸೂಜಿನ ಒತ್ತಿದ್ರೆ ಪೆಟ್ರೋಲ್ ದಾರಿ ಮುಚ್ಚುತ್ತೆ, ಮುಳುಗಿದ್ರೆ ಪೆಟ್ರೋಲ್ ನಿಲ್ಲೋದೇ ಇಲ್ಲ. ಓಡುವಾಗ ಎಂಜಿನ್ ಕುಡಿಯುತ್ತೆ, ಅದಕ್ಕೆ ನಿಮಗೆ ಕಾಣಲ್ಲ. ನಿಂತಾಗ ಸ್ವಲ್ಪ ನೆಲಕ್ಕೆ, ಸ್ವಲ್ಪ ಎಂಜಿನ್ನಿನ ಹೊಟ್ಟೆಗೆ."

ತಿಂಗಳುಗಳ ಗೊಂದಲ ಅವನ ತಲೆಯಲ್ಲಿ ಒಂದೊಂದಾಗಿ ಕರಗಿತು. ತಟ್ಟಿದಾಗ ಎರಡು ದಿನ ನಿಂತದ್ದು ಮಾತ್ರ ಯಾಕೆ ಎಂದು ಕೇಳಿದ. ಸಿಕ್ಕಿಕೊಂಡ ಸೂಜಿ ಅಲುಗಿ ಸ್ವಲ್ಪ ಹೊತ್ತು ಸರಿಯಾಗಿ ಕೂತಿರುತ್ತದೆ, ಅದನ್ನು ರಿಪೇರಿ ಅನ್ನುವುದಿಲ್ಲ ಎಂದಳು ನಾದಿನಿ.

ಮರುದಿನ ಅವಳು ಹೊಸ ಗುಂಡು, ಹೊಸ ಸೂಜಿ ತಂದು ಹಾಕಿದಳು. ಪೆಟ್ರೋಲ್ ಬೆರೆತ ಆಯಿಲ್ ತೆಗೆದು ಹೊಸದು ತುಂಬಿಸಿದ ಮೇಲೆಯೇ ಎಂಜಿನ್ ಶುರು ಮಾಡಿದ್ದು. ಡ್ರೈವರಣ್ಣ ಹಿತ್ತಿಲಿನ ತುದಿಯಲ್ಲಿ ನಾಲ್ಕು ಕಂಬ ನೆಟ್ಟು, ಗಾಡಿಗೆ ಗೋಡೆಯಿಲ್ಲದ ಮಾಡು ಕಟ್ಟಿದ. ವಾರದಲ್ಲಿ ಹೆಂಡತಿಯ ತಲೆನೋವು ಹೋಯಿತು.

ಒಂದು ಮಧ್ಯಾಹ್ನ ಅವನು ಹಳೆಯ ಡಬ್ಬ ಹಿಡಿದು ಅವಳ ಇಸ್ತ್ರಿಮೇಜಿನ ಮುಂದೆ ಬಂದು ನಿಂತ. ಏನೆಂದು ಕೇಳಿದಳು.

"ಇದರಲ್ಲಿ ಪೆಟ್ರೋಲ್ ಹಿಡೀತಿದೀನಿ ಅಂದ್ಕೊಂಡಿದ್ದೆ" ಎಂದ. "ತೊಟ್ಟು ತೊಟ್ಟಾಗಿ ಸೋರ್ತಿದ್ದದ್ದು ನಿನ್ನ ಜೀವ ಕಣೆ."

ಅವಳು ಡಬ್ಬ ಇಸಿದುಕೊಂಡು ಹೊರಗಿಟ್ಟು ಬಂದಳು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಪೆಟ್ರೋಲು ಸೋರಿದರೆ ಬೆವರು ಅನ್ನಬೇಡಿ. ಗಾಡಿ ನಿಲ್ಲಿಸಿದೊಡನೆ ನಲ್ಲಿ ಮುಚ್ಚಿ. ಆಯಿಲ್ ಏರಿದರೆ ಹಿಗ್ಗದೆ ಮೂಸಿ ನೋಡಿ, ವಾಸನೆ ಬಂದರೆ ಎಂಜಿನ್ ಶುರು ಮಾಡದೆ ತಿಳಿದವರನ್ನು ಕರೆಯಿರಿ. ಮುಚ್ಚಿದ ಕೋಣೆಯಲ್ಲಿ ಪೆಟ್ರೋಲ್ ವಾಸನೆ ಇದ್ದರೆ ಸ್ವಿಚ್ ಮುಟ್ಟದೆ, ಬೆಂಕಿ ಹಚ್ಚದೆ, ಎಲ್ಲರನ್ನೂ ಮೊದಲು ಹೊರಗೆ ಕರೆತನ್ನಿ. ನಿಮ್ಮ ಗಾಡಿಯ ಕೆಳಗೂ ಒಂದು ಡಬ್ಬ ಇದ್ದರೆ, ಈ ಹಾಳೆ ಕೆಳಗಿಟ್ಟು ಈಗಲೇ ಎದ್ದು ಹೋಗಿ. ಗೋಡೆಯ ಆಚೆ ಯಾರು ಕೆಲಸ ಮಾಡುತ್ತಿದ್ದಾರೆ, ನೋಡಿ ಬನ್ನಿ.